ಎಳ್ಳಮಾಸಿ ಮುಗಿದ ಮ್ಯಾಲೆ ಗೋಕರ್ಣ

ಈ ವಾರದ ಬರಹದಾಗ ಕಡ್ಲಿ ಕಡಿಮಿ, ಸಮುದ್ರ ಜಾಸ್ತಿ ಐತಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಕಡ್ಲಿಗೂ ಬರ್ತೀನಿ.

ಬೆಂಗಳೂರಾಗ ಇರೋ ಮಗ ಹೋದ ವಾರ ಫೋನ್ ಮಾಡಿದ್ದ. "ಅಪ್ಪಾ, ಡಿಸೆಂಬರ್ 28ರಿಂದ 30ರ ತನಕ ಗೋಕರ್ಣಕ್ಕ ಹೋಗೂಣು. ನಾವು ಇಲ್ಲಿಂದ ರೈಲಿಗೆ ಬರ್ತೀವಿ, ನೀವು ಹುಬ್ಬಳ್ಳಿಯಿಂದ ಬರ್ರಿ. ಸಮುದ್ರದ ದಂಡಿ ಮ್ಯಾಲೇ ರಿಸಾರ್ಟ್ ನೋಡೀನಿ" ಅಂದ. ನಾನು ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ. 30 ಸೋಮವಾರ, ಎಳ್ಳಮಾಸಿ.

"ಅವತ್ತ ಚರಗ ಯಾರು ಚೆಲ್ಲಬೇಕೋ?" ಅಂದೆ. "ಒಂದ್ ವರ್ಷ ತಪ್ಪಿದ್ರ ಏನಾಕ್ಕೈತಿ" ಅಂದ. ನನಗ ಸಿಟ್ಟು ಬಂತು, ಬಾಯಿಗೆ ಬಂದಂಗ ಅಂದೆ. ಪಡಸಾಲ್ಯಾಗ ಕುಂತ ಅವ್ವ ಎಲ್ಲಾ ಕೇಳ್ಯಾಳ. ಫೋನ್ ಇಟ್ಟ ಮ್ಯಾಲೆ, "ಚರಗ ವರ್ಷಾ ಬರ್ತೈತಿ, ನಾ ವರ್ಷಾ ಇರ್ತೀನೇನು? ನಡೀ ಹೋಗೂಣು" ಅಂದ್ಲು.

ಅವ್ವಗ ಈಗ ಎಪ್ಪತ್ನಾಲ್ಕು. ಸಮುದ್ರ ನೋಡಿಲ್ಲ. ಅಪ್ಪಾರೂ ನೋಡ್ಲಿಲ್ಲ. ಯಾರರ ಗೋಕರ್ಣದ ಮಾತು ತಗದ್ರ ಅಪ್ಪಾ "ಸುಗ್ಗಿ ಮುಗೀಲಿ" ಅಂತಿದ್ರು. ಸುಗ್ಗಿ ಮುಗಿದ್ರ ರಾಶಿ, ರಾಶಿ ಮುಗಿದ್ರ ಮಾಗಿ ಉಳುಮಿ, ಮುಂದ ಬೀಜ ಗೊಬ್ಬರ. ನಾಲ್ಕು ವರ್ಷದ ಹಿಂದ ಅವರು ಹೋದ್ರು. ಅದೇ ಮಾತು ನನ್ನ ಬಾಯಾಗೂ ಬರಾಕತ್ತೈತಿ ಅಂತ ಅವತ್ತ ರಾತ್ರಿ ತಿಳೀತು. ನಿದ್ದಿ ಬರಲಿಲ್ಲ.

ಮರುದಿನ ಹಾಳಿ, ಪೆನ್ನು ಹಿಡಕೊಂಡು ಕುಂತೆ. ಚರಗ ಒಂದೇ ಅಡ್ಡಿ ಅಲ್ರಿ. ಈ ವರ್ಷ ಮಳಿ ಹೊಲ ಬಿಡದ ಬಿತ್ತಿಗಿ ತಡಾ ಆತು, ಅಕ್ಟೋಬರ್ ಕಡೀ ವಾರದಾಗ ಕಡ್ಲಿ ಬಿತ್ತೀವಿ. ಅಂದ್ರ ಡಿಸೆಂಬರ್ ಕಡೀಗೆ ಹೂವು, ಎಳಿಕಾಯಿ. ಕಾಯಿಕೊರಕ ಕೀಡಿ ಕಾಯೋದೂ ಅದನ್ನ. ಮೋಹಕ ಬಲಿಯೊಳಗ ಪತಂಗ ಬೀಳಾಕ ಸುರು ಆಗ್ಯಾವು. ಆ ಮೂರು ದಿನ ಹೊಲ ಬಿಟ್ರ ಸಣ್ಣ ಕೀಡಿ ದೊಡ್ಡದಾಗಿ ಕಾಯೊಳಗ ತಲಿ ತೂರಿಸಿರ್ತೈತಿ, ಆಮ್ಯಾಲೆ ಎಣ್ಣಿ ಹೊಡದ್ರೂ ಅಷ್ಟಕ್ಕಷ್ಟೇ. ಇನ್ನ ರೊಕ್ಕದ ಮಾತು. ವರ್ಷದ ಕಡೀ ವಾರ ಅಂತ ರಿಸಾರ್ಟಿನವ್ರು ಹೇಳಿದ ದರ, 2025-26ಕ್ಕ ಸರ್ಕಾರ ಇಟ್ಟ 5,650ರ ಬೆಂಬಲ ಬೆಲಿ ಹಿಡಿದ್ರೂ, ನಾಲ್ಕು ಕ್ವಿಂಟಲ್ ಕಡ್ಲಿ!

ಎಳ್ಳಮಾಸಿ ಆದ ಮ್ಯಾಲೆ ಎಣ್ಣಿ ಹೊಡದು ಮುಗಿಸಿದ್ರ, ಕಡ್ಲಿ ಕೀಳೂದು ಫೆಬ್ರವರಿಗೆ. ನಡುವ ಒಂದು ಸಣ್ಣ ಸಂದಿ ಐತಿ. ಜನವರಿ 6 ಮತ್ತು 7, ಸೋಮವಾರ, ಮಂಗಳವಾರ, ಒಂದು ರಾತ್ರಿ. ಸಂಕ್ರಮಣ ಇನ್ನೂ ಒಂದು ವಾರ ದೂರ. ಮಗಗ ಹೇಳಿದೆ. ಆಫೀಸಿನಾಗ ರಜಾ ಇರೋದು ಡಿಸೆಂಬರ್ ಕಡೀಗಂತ, ಜನವರಿಗೆ ಕೇಳೋದು ಕಷ್ಟಂತ. ಸುಮ್ಮನಾದ. ಎರಡು ದಿನ ಫೋನೇ ಇಲ್ಲ. ಮೂರನೇ ದಿನ "ಎರಡ್ ದಿನ ಸಿಕ್ತು, ಆದ್ರ ಇನ್ನ ತಾರೀಖು ಬದಲಿ ಮಾಡಬ್ಯಾಡ್ರಿ" ಅಂದ. ಅವನ ಸಂದಿನೂ ನಮ್ಮ ಸಂದಿಯಂಗ ಸಣ್ಣದೇ ಅನಿಸ್ತು.

ದಾರಿ ಲೆಕ್ಕ ಕೇಳ್ರಿ, ನಗು ಬರ್ತೈತಿ. ಬೆಂಗಳೂರಿಂದ ಗೋಕರ್ಣ ಐದುನೂರು ಕಿಲೋಮೀಟರ್ ಹತ್ರ. ಆದ್ರೂ ಅವರು ಆಯ್ತವಾರ ಸಂಜಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಮಲಕೊಂಡ್ರ ಸಕಲೇಶಪುರದ ಘಟ್ಟ ಇಳದು, ಉಡುಪಿ ದಾಟಿ, ಮುಂಜಾನೆ ಗೋಕರ್ಣ ರೋಡ್ ಸ್ಟೇಶನ್‌ದಾಗ ಇರ್ತಾರ. ನಮಗ ಬರೇ ನೂರೈವತ್ತರ ಆಸುಪಾಸು, ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು 1990ರ ದಶಕದಿಂದ ಕೇಳಾಕತ್ತೀವಿ. ಹಿಂಗಾಗಿ ಬಸ್ಸೇ ಗಟ್ಟಿ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಸಾದಾ ಬಸ್ಸಿಗೆ ಅವ್ವಗೂ ಮನಿಯಾಕಿಗೂ ಟಿಕೆಟ್ ಇಲ್ಲ, ಶಕ್ತಿ ಯೋಜನಾ. ಆಧಾರ್ ಮರೀಬಾರದು ಅಷ್ಟೇ. ರೊಕ್ಕ ನನಗೊಬ್ಬಗೆ.

ಅವ್ವಗ ಒಂದ್ ಅಂಜಿಕಿ ಇತ್ತು. 2024ರ ಜುಲೈ 16ಕ್ಕ ಅಂಕೋಲಾ ಹತ್ರ ಶಿರೂರಾಗ ಗುಡ್ಡ ಜರದು ಹೆದ್ದಾರಿ ಮ್ಯಾಲೆ ಬಿತ್ತಲ್ರಿ, ಟಿವಿಯೊಳಗ ದಿನಾ ನೋಡಿದ್ಲು. ನಾವು ಅಂಕೋಲಾದಿಂದ ಗೋಕರ್ಣಕ್ಕ ಹೋಗೋದು ಅದೇ ದಾರ್ಯಾಗ. ಅದು ಜಡಿಮಳಿ ಕಾಲದಾಗ ಆದದ್ದು, ಜನವರಿಯೊಳಗ ಗುಡ್ಡ ಒಣಗಿರ್ತೈತಿ ಅಂದೆ. ಅಲ್ಲಿ ಹರಿಯೋ ಗಂಗಾವಳಿ ಯಾವುದು ಗೊತ್ತೇನು ಅಂತ ಕೇಳಿದೆ. ಧಾರವಾಡದ ಸೋಮೇಶ್ವರದಾಗ ಹುಟ್ಟೋ ಶಾಲ್ಮಲಿ ಬೇಡ್ತಿಗೆ ಕೂಡಿ, ಮಾಗೋಡಿನಾಗ ಧುಮುಕಿ, ಮುಂದ ಗಂಗಾವಳಿ ಅನಿಸ್ಕೊಂಡು ಗೋಕರ್ಣದ ಬಾಜೂಕ ಸಮುದ್ರ ಸೇರ್ತಾಳ. ಅವ್ವಗ ಇದು ಭಾಳ ಸೇರಿತು. "ನಮ್ಮ ಹೊಲದ ನೀರೂ ಅಲ್ಲಿಗೇನು?" ಅಂದ್ಲು. ಇಲ್ಲವಾ, ನಮ್ಮದು ಬೆಣ್ಣಿಹಳ್ಳಕ್ಕ ಹೋಗಿ, ಮಲಪ್ರಭಾ, ಕೃಷ್ಣಾ ಕೂಡಿ ಮೂಡಣ ಸಮುದ್ರಕ್ಕ ಅಂದೆ. ಸ್ವಲ್ಪ ಬ್ಯಾಸರಾದ್ಲು.

ರಿಸಾರ್ಟ್ ಬಿಟ್ಟೀವಿ. ರೊಕ್ಕಕ್ಕಷ್ಟೇ ಅಲ್ಲ. ಓಂ ಬೀಚ್ ಕಡೆ ಮ್ಯಾಲಿಂದ ಮೆಟ್ಟಲ ಇಳೀಬೇಕು, ಅವ್ವನ ಮೊಣಕಾಲಿಗೆ ಆಗೂದಲ್ಲ. ಊರಾಗ ಮಹಾಬಲೇಶ್ವರ ಗುಡಿ ಹತ್ರ ರೂಮ್ ಮಾಡಿದ್ರ ಗುಡಿಯಿಂದ ನಾಲ್ಕು ಹೆಜ್ಜಿಗೆ ದಂಡಿ, ಸಪಾಟ ಉಸುಕು. ಮಗಾ ಸೊಸಿ ಬೇಕಂದ್ರ ಓಂ ಬೀಚಿಗೆ ಹೋಗಿ ಬರ್ಲಿ.

ಉಳಿದದ್ದು ದನ. ಎರಡು ಎತ್ತು, ಒಂದು ಎಮ್ಮಿ. ಬಾಜೂ ಹೊಲದವರ ಜೋಡಿ ಮುಯ್ಯಿ ಮಾತಾಡೀನಿ: ಎರಡು ದಿನ ಅವರು ಮೇವು, ನೀರು, ಹಾಲು ನೋಡ್ಕೋತಾರ, ಫೆಬ್ರವರಿಯೊಳಗ ಅವರ ಮನಿ ಮದವಿಗೆ ನಾ ಅವರ ದನ ನೋಡ್ಕೋಬೇಕು. ಹೊಲ ರಸ್ತೆ ದಂಡಿಗೇ ಐತಿ, ಸುಲಗಾಯಿ ಕೀಳೋರಿಗೆ ಏನ್ ಮಾಡೂದೋ ಇನ್ನೂ ತಿಳಿದಿಲ್ಲ. ಹೋದ್ರ ಒಂದ್ ಬುಟ್ಟಿ ಹೋಗ್ಲಿ ಅಂತಾಳ ಮನಿಯಾಕಿ. ಮದವಿ ಆಗಿ ಇಪ್ಪತ್ತಾರು ವರ್ಷಕ್ಕ ಹಿಂಗ ಧೈರ್ಯದಿಂದ ಮಾತಾಡಿದ್ದು ಇದೇ ಮೊದಲ.

ಅವ್ವ ಆಗಲೇ ಖಟಿ ರೊಟ್ಟಿ ಲೆಕ್ಕ ಹಾಕಾಕತ್ಯಾಳ. ಶೇಂಗಾ ಚಟ್ನಿ, ಉಪ್ಪಿನಕಾಯಿ, ಜೋಡಿಗೆ ನಿಂಬಿಹಣ್ಣು. ನಿಂಬಿಹಣ್ಣು ಅರಬೈಲ್ ಘಟ್ಟಕ್ಕ. ಆ ತಿರುವಿನಾಗ ಹಿಂದಿನ ಸೀಟು ಸಿಕ್ಕರ ಅವ್ವಗ ತಡಿಯೂದಲ್ಲ. ಹುಬ್ಬಳ್ಳಿಯಿಂದ ಆ ಕಡೆ ಮುಂಜಾನೆ ಬಸ್ಸಿಗೆ ಹೋದವ್ರು ನಿಮ್ಮೊಳಗ ಭಾಳ ಮಂದಿ ಅದೀರಿ. ಮುಂದಿನ ಸೀಟು ಬೇಕಂದ್ರ ಎಷ್ಟೊತ್ತಿಗೆ ಬಸ್‌ಸ್ಟ್ಯಾಂಡಿನಾಗ ಇರಬೇಕು, ಹೇಳ್ರಿ.