ನಾನು, ಮಾವ ಮತ್ತು ಕಾರಿನ ಫ್ಯಾನು



ಈ ಸಲದ ಗೋಡೆ ಪತ್ರಿಕೆಗೆ ಪ್ರವಾಸದ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ನಾನು ಹೋದ ಪ್ರವಾಸ ಎಂದರೆ ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಒಂದೇ. ಅದರಲ್ಲೂ ಕಾರಿನ ಫ್ಯಾನಿನ ಕಥೆಯೇ ಜಾಸ್ತಿ, ಬೇಜಾರು ಮಾಡ್ಕೋಬೇಡಿ.

೨೦೨೩ರ ಜುಲೈ ತಿಂಗಳು. ನಮ್ಮ ಕಡೆ ಮಳೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಬೆಳಿಗ್ಗೆ ಆರು ಗಂಟೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಕಾರಿನಲ್ಲಿ ಅಜ್ಜಿ, ಅಮ್ಮ, ನಾನು, ಮಾವ. ನಾಲ್ಕು ಜನರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ವೈಪರ್ ಹೊರಗೆ ಎಷ್ಟು ಒರೆಸಿದರೇನು? ಮಾವ ಹೀಟರ್ ಹಾಕಿ ಫ್ಯಾನಿನ ಸ್ವಿಚ್ಚನ್ನು ಒಂದು, ಎರಡು, ಮೂರಕ್ಕೆ ತಿರುಗಿಸಿದರು. ಸದ್ದೇ ಇಲ್ಲ. ನಾಲ್ಕಕ್ಕೆ ಹಾಕಿದರೆ ಗರಗರ ಅಂತ ಶಬ್ದ ಬಂತು, ಗಾಳಿ ಮಾತ್ರ ಬರಲಿಲ್ಲ. ಮುಂದೆ ಕೂತಿದ್ದ ಅಜ್ಜಿ ಸೆರಗಿನಿಂದ ಗಾಜು ಒರೆಸುತ್ತಲೇ ಇದ್ದರು. ಒಂದು ತಿರುವಿನಲ್ಲಿ ಎದುರಿಗೆ ಬಂದ ಬಸ್ಸು ನಮಗೆ ಕಂಡಿದ್ದು ಅದರ ಹಾರ್ನ್ ಕೇಳಿದ ಮೇಲೆ. ಮಾವ ಎಡಕ್ಕೆ ಎಳೆದು ನಿಲ್ಲಿಸಿದರು. ಅಮ್ಮ ದೇವರ ಹೆಸರು ಹೇಳುತ್ತಿದ್ದರು. ನನ್ನ ಕೈ ನಡುಗುತ್ತಿತ್ತು. ಆಮೇಲೆ ಕಿಟಕಿ ತೆಗೆದು, ಮಳೆಯಲ್ಲಿ ನೆನೆಯುತ್ತಲೇ ಘಾಟಿ ಇಳಿದೆವು.

ಅಜ್ಜಿ ಮುಂದಿನ ತಿಂಗಳೂ ಅದೇ ಆಸ್ಪತ್ರೆಗೆ ಹೋಗಬೇಕಿತ್ತು. ಅದಕ್ಕೆ ಮಾವ ಕಾರನ್ನು ಒಂದು ಗ್ಯಾರೇಜಿಗೆ ತೋರಿಸಿದರು. ಅಲ್ಲಿಯವರು ಬಾನೆಟ್ ಕೂಡ ಎತ್ತದೆ, "ಮೋಟಾರ್ ಹೋಗಿದೆ, ಹೊಸದು ಹಾಕ್ಬೇಕು, ಐದು ಸಾವಿರ ಆಗುತ್ತೆ" ಅಂದರಂತೆ. ಆ ದುಡ್ಡು ಅಜ್ಜಿಯ ಔಷಧಿಗೆ ಇಟ್ಟಿದ್ದು. ಮಾವ ಸಪ್ಪೆ ಮುಖ ಹಾಕಿಕೊಂಡು ಬಂದರು.

ನನಗೆ ಒಂದು ಸಂಶಯ. "ಮಾವ, ಮೋಟಾರ್ ಹೋಗಿದ್ರೆ ನಾಲ್ಕಕ್ಕೆ ಹೆಂಗೆ ತಿರುಗುತ್ತೆ?" ಅಂದೆ. ಮಾವ ನನ್ನ ಮುಖವನ್ನೇ ನೋಡಿ, "ಹೌದಲ್ಲೇ ಪುಟ್ಟಿ!" ಅಂದರು.

ಭಾನುವಾರ ನಾವಿಬ್ಬರೂ ಕೂತೆವು. ಮೊದಲು ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿದೆವು. ಎಡಗಡೆ ಡ್ರಾಯರ್ ತೆಗೆದರೆ ಅದರ ಹಿಂದೆ ಫ್ಯಾನಿನ ಪೆಟ್ಟಿಗೆ. ಅದರ ಪಕ್ಕ ಎರಡು ಸ್ಕ್ರೂ ಹಾಕಿ ಕೂರಿಸಿದ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಸುರುಳಿ ತಂತಿಗಳು. ಮಾವ ಅದನ್ನು ರೆಸಿಸ್ಟರ್ ಅಂದರು. ನಮ್ಮ ಪುಸ್ತಕದಲ್ಲಿ ರೋಧಕ ಅಂತ ಓದಿದ್ದು ಇದೇನಾ ಅಂತ ನನಗೆ ಆಶ್ಚರ್ಯ! ಪರೀಕ್ಷೆಯಲ್ಲಿ ಅಂಕುಡೊಂಕು ಗೆರೆ ಬರೆದು ಎರಡು ಅಂಕ ತಗೊಂಡಿದ್ದೆನೇ ಹೊರತು ಕಣ್ಣಲ್ಲಿ ನೋಡಿರಲಿಲ್ಲ. ಒಂದನೇ ನಂಬರಿಗೆ ಹಾಕಿದರೆ ಕರೆಂಟು ಎಲ್ಲಾ ಸುರುಳಿ ದಾಟಿ ಹೋಗಬೇಕು, ಅದಕ್ಕೆ ಫ್ಯಾನು ನಿಧಾನ. ಎರಡು, ಮೂರಕ್ಕೆ ರೋಧ ಕಡಿಮೆಯಾಗುತ್ತಾ ಬರುತ್ತದೆ. ನಾಲ್ಕಕ್ಕೆ ಸುರುಳಿಯೇ ಇಲ್ಲ, ನೇರ ದಾರಿ. ಓಮ್ ಅವರು ೧೮೨೭ರಲ್ಲಿ ಪ್ರಕಟಿಸಿದ ನಿಯಮ ನಮ್ಮ ಕಾರಿನ ಡ್ರಾಯರ್ ಹಿಂದೆ ಕೂತಿತ್ತು.

ವಿಜ್ಞಾನದ ಸರ್ ಅವರನ್ನು ಕೇಳಿ ಪ್ರಯೋಗಾಲಯದ ಮಲ್ಟಿಮೀಟರ್ ತಂದೆ (ಸರ್, ಹಾಗೇ ವಾಪಸ್ ಕೊಟ್ಟಿದ್ದೇನೆ). ಇಟ್ಟು ನೋಡಿದರೆ ಎಲ್ಲೂ ಸಂಪರ್ಕವೇ ಇಲ್ಲ. ಬಿಸಿ ಜಾಸ್ತಿಯಾದರೆ ತಾನಾಗಿ ಕಡಿದುಹೋಗುವ ಒಂದು ಸಣ್ಣ ಫ್ಯೂಸ್ ಅದರಲ್ಲೇ ಇರುತ್ತದೆ, ಅದು ಸುಟ್ಟು ಕಪ್ಪಾಗಿತ್ತು. ಮೂಡಿಗೆರೆಯಿಂದ ಮುನ್ನೂರೈವತ್ತು ರೂಪಾಯಿಗೆ ಹೊಸ ರೆಸಿಸ್ಟರ್ ತಂದು ಹಾಕಿದೆವು. ಒಂದು, ಎರಡು, ಮೂರು ಎಲ್ಲಾ ತಿರುಗಿತು! ನಾನು ಮನೆಯಲ್ಲೆಲ್ಲ ಜಂಬ ಕೊಚ್ಚಿಕೊಂಡೆ.

ಎರಡೇ ದಿನ. ಮೂರನೇ ದಿನ ಅದೂ ಸುಟ್ಟಿತು.

ಮುನ್ನೂರೈವತ್ತು ರೂಪಾಯಿ ನನ್ನಿಂದಲೇ ದಂಡ ಆಯ್ತು ಅಂತ ರಾತ್ರಿ ಊಟ ಸೇರಲಿಲ್ಲ. ಮಾವ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಮರುದಿನ ಸರ್ ಹತ್ತಿರ ಹೇಳಿದೆ. ಅವರು ಉತ್ತರ ಹೇಳದೆ, "ಆ ರೋಧಕವನ್ನು ಗಾಳಿ ಹೋಗೋ ದಾರಿಯಲ್ಲೇ ಯಾಕೆ ಇಟ್ಟಿದ್ದಾರೆ, ಯೋಚಿಸು" ಅಂದರು. ಬಸ್ಸಿನಲ್ಲಿ ಬರುವಾಗ ಹೊಳೆಯಿತು. ತಣ್ಣಗಾಗಲಿ ಅಂತ! ಅಂದಮೇಲೆ ಗಾಳಿ ಬರದಿದ್ದರೆ ಅದು ಸುಡಲೇಬೇಕು. ನಾಲ್ಕಕ್ಕೆ ಹಾಕಿದಾಗ ಶಬ್ದ ಇದ್ದೂ ಗಾಳಿ ಇಲ್ಲದ್ದನ್ನು ನಾವು ಮರೆತೇಬಿಟ್ಟಿದ್ದೆವು.

ಈ ಸಲ ಮೋಟಾರನ್ನೇ ಕೆಳಗೆ ಇಳಿಸಿದೆವು. ಅದರ ಚಕ್ರ ಡಬ್ಬಿಯ ಆಕಾರ, ಸುತ್ತ ಸಣ್ಣ ಸಣ್ಣ ರೆಕ್ಕೆ. ರೆಕ್ಕೆಗಳ ಸಂದಿಯಲ್ಲೆಲ್ಲ ಸಿಲ್ವರ್ ಓಕ್ ಎಲೆ, ಅಡಿಕೆ ಸಿಪ್ಪೆಯ ನಾರು, ಹತ್ತಿ. ಇಲಿ ಗೂಡು! ಮರಿಗಳು ಇರಲಿಲ್ಲ, ಪುಣ್ಯ. ಹೋದ ಚಳಿಗಾಲ ಕಳೆದುಹೋಗಿದೆ ಅಂತ ಅಜ್ಜಿ ನನ್ನ ಮೇಲೆ ಅನುಮಾನಪಟ್ಟಿದ್ದ ಹಸಿರು ಮಫ್ಲರಿನ ಚೂರೂ ಅಲ್ಲೇ ಸಿಕ್ಕಿತು. ಕಸ ಸಿಕ್ಕಿಕೊಂಡು ಮೋಟಾರ್ ತಿಣುಕುತ್ತಿದ್ದದ್ದರಿಂದ ಕರೆಂಟೂ ಜಾಸ್ತಿ ಎಳೆಯುತ್ತಿತ್ತು. ಹಲ್ಲುಜ್ಜುವ ಹಳೇ ಬ್ರಶ್ಶಿನಲ್ಲಿ ತಿಕ್ಕಿ ತೆಗೆದೆವು. ಕರಗಿದ್ದ ಕನೆಕ್ಟರ್ ಬದಲಿಸಿ, ಗಾಜಿನ ಬುಡದಲ್ಲಿ ಗಾಳಿ ಒಳಗೆ ಬರುವ ಜಾಗಕ್ಕೆ ತಂತಿ ಬಲೆ ಕಟ್ಟಿ, ಇನ್ನೊಂದು ರೆಸಿಸ್ಟರ್ ಹಾಕಿದೆವು. ಹೀಟರಿಗೆ ಏನೂ ಆಗಿರಲಿಲ್ಲ. ಅದು ಇಂಜಿನ್ನಿನ ಬಿಸಿನೀರು ಹರಿಯುವ ಒಂದು ಪುಟ್ಟ ರೇಡಿಯೇಟರ್, ಬಿಸಿಯನ್ನು ಗಾಜಿನವರೆಗೆ ತಳ್ಳುವ ಗಾಳಿ ಇರಲಿಲ್ಲ ಅಷ್ಟೆ.

ಇನ್ನೊಂದು ವಿಷಯ. ಧೂಳು ಬರುತ್ತೆ ಅಂತ ಮಾವ ಹೊರಗಿನ ಗಾಳಿಯ ಲಿವರನ್ನು ಯಾವಾಗಲೂ ಮುಚ್ಚಿಟ್ಟಿರುತ್ತಿದ್ದರು. ಆಗ ನಮ್ಮ ಉಸಿರಿನ ತೇವವೇ ಒಳಗೆ ಸುತ್ತುತ್ತದೆ, ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಅದನ್ನು ತೆರೆಯಬೇಕು ಅಂತ ಹೇಳಿದೆ. ಮಾವ "ಆಯ್ತು ಮೇಡಂ" ಅಂದರು.

ಆಗಸ್ಟಿನಲ್ಲಿ ಮತ್ತೆ ಘಾಟಿ ಇಳಿದೆವು. ಅವತ್ತೂ ಮಳೆ, ಮಂಜು. ಮಾವ ಹೀಟರ್ ಹಾಕಿ ಫ್ಯಾನನ್ನು ಮೂರಕ್ಕೆ ಇಟ್ಟರು. ಗಾಜಿನ ಕೆಳಗಿನಿಂದ ಮೇಲಕ್ಕೆ ಮಬ್ಬು ಕರಗುತ್ತಾ ಹೋಗಿ ರಸ್ತೆಯ ಬಿಳಿ ಗೆರೆ ಕಂಡಿತು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ, "ಸೆಕೆ ಆಗ್ತದೆ ಮಾರಾಯ, ಕಮ್ಮಿ ಮಾಡು" ಅಂದರು. ಮಾವ ನನ್ನ ಕಡೆ ತಿರುಗಿ ನಕ್ಕು, ಸ್ವಿಚ್ಚನ್ನು ಒಂದಕ್ಕೆ ಇಳಿಸಿದರು.