ಬೇಲಿಯ ಹಣ್ಣು, ಜಗಲಿಯ ಗ್ಲಾಸು

ಮಡಿಕೇರಿಯ ನಮ್ಮನೆ ಬೇಲಿಗೆ ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿಸಿದ್ದು ಅಪ್ಪ. ನೇರಳೆ ಜಾತಿ, ಒಂದೇ ಬಳ್ಳಿ ಇದ್ರೂ ಕಾಯಿ ಕಚ್ಚುತ್ತೆ. ಹಳದಿಯದಕ್ಕಾದರೆ ಬೇರೆ ಬಳ್ಳಿಯ ಪರಾಗ ಬೇಕು. ಹಣ್ಣು ಕೀಳಬಾರದು, ತಾನಾಗಿ ಉದುರಬೇಕು, ಸಿಪ್ಪೆ ಸುಕ್ಕಾಗೋ ತನಕ ಕಾಯಬೇಕು ಅಂತ ಅಪ್ಪನ ಕಟ್ಟಪ್ಪಣೆ.

ಆಮೇಲೆ ಸಂಜೆ ನಾವಿಬ್ಬರೂ ಜಗಲೀಲಿ... ಗ್ಲಾಸಿಗೆ ಎರಡು ಹಣ್ಣಿನ ತಿರುಳು, ಅರ್ಧ ನಿಂಬೆ, ಎರಡು ಚಮಚ ಸಕ್ಕರೆ ಪಾಕ, 60 ಮಿಲಿ ರಮ್, ಐಸು. ಬೀಜ ಸೋಸಲ್ಲ, ಕಟಕ್ ಅಂತ ಕಡಿಯೋದೇ ಮಜಾ!

ಹೋದ ವರ್ಷ ಡಾಕ್ಟರು ಅಪ್ಪನಿಗೆ ಕುಡಿಯೋದು ಪೂರ್ತಿ ಬಿಡಿ ಅಂದ್ರು. ಈಗ ಅವರ ಗ್ಲಾಸಿಗೆ ರಮ್ ಬದಲು ಸೋಡಾ, ಚಿಟಿಕೆ ಉಪ್ಪು. ನನ್ನದಕ್ಕೂ ಅಷ್ಟೇ.

"ನೀನ್ಯಾಕೋ ಬಿಟ್ಟೆ?" ಅಂತಾರೆ. ಹಣ್ಣಿನ ರುಚಿ ಹೀಗೇ ಚೆನ್ನಾಗಿ ಗೊತ್ತಾಗೋದು ಅಂತೀನಿ.

ಸುಳ್ಳು. ಅಪ್ಪನಿಗೂ ಗೊತ್ತು...