ಕುದುರೆ ಬೆಳೆಯುವ ಲೆಕ್ಕ: ಕೆಂಪಾಪುರದಿಂದ ಕುಣಿಗಲ್‌ವರೆಗೆ

ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಕೆಂಪಾಪುರಕ್ಕೂ ಕುದುರೆಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಬಹುದು. ಇಲ್ಲಿ ಕಣ್ಣಿಗೆ ಬೀಳುವುದು ಸಾಲು ಸಾಲು ಮನೆಗಳು ಮತ್ತು ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳು. ಆದರೆ ಇಲ್ಲಿಂದ ನಗರದ ಕಡೆಗೆ ಬಸ್ಸು ಹತ್ತಿ ನೋಡಿ. ಹೆಬ್ಬಾಳ ಕೆರೆಯನ್ನೂ ಮೇಲ್ಸೇತುವೆಯನ್ನೂ ದಾಟಿದರೆ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಸಿಗುತ್ತದೆ. ಮೇಖ್ರಿ ವೃತ್ತದಿಂದ ಜೆ.ಸಿ. ನಗರದ ಕಡೆ ಹೊರಳಿದರೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಜೋಧಪುರದವರ ಜೊತೆ ಹೋರಾಡಿದ ನಮ್ಮ ಅಶ್ವದಳ ಅದು. ಹೊರಳದೆ ಅರಮನೆ ಮೈದಾನದ ಪಕ್ಕದಲ್ಲೇ ಮುಂದುವರಿದರೆ ರೇಸ್ ಕೋರ್ಸ್ ರಸ್ತೆ ತಲುಪುತ್ತೀರಿ.

ವೈದ್ಯ, ಸಿಪಾಯಿ, ಜಾಕಿ ಈ ಮೂವರಿಗೂ ಕುದುರೆಯ ಬಗ್ಗೆ ಇರುವ ಪ್ರಶ್ನೆ ಒಂದೇ. ಇದು ಬೆಳೆದು ಮುಗಿದಿದೆಯೇ?

ಕುಣಿಗಲ್ಲಿನ ಮರಿಗಳು

ಉತ್ತರ ಹುಡುಕಲು ಕುದುರೆ ಹುಟ್ಟುವ ಜಾಗಕ್ಕೇ ಹೋಗಬೇಕು. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ಕುಣಿಗಲ್ಲಿನ ಕುದುರೆ ಫಾರಂ ದೇಶದ ಅತಿ ಹಳೆಯ ಫಾರಂಗಳಲ್ಲೊಂದು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆಗಳನ್ನು ಇಲ್ಲಿ ಸಾಕುತ್ತಿದ್ದರು ಎಂಬುದು ಪ್ರತೀತಿ. 1992ರಲ್ಲಿ ಸರ್ಕಾರ ಇದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಇಲ್ಲಿ ಬೆಳೆಸುತ್ತಾ ಬಂದದ್ದು ಥರೋಬ್ರೆಡ್ ಎಂಬ ರೇಸಿನ ತಳಿ.

ತಾಯಿಯ ಗರ್ಭದಲ್ಲಿ ಸುಮಾರು ಹನ್ನೊಂದು ತಿಂಗಳು ಕಳೆದು ಬರುವ ಮರಿ, ಹುಟ್ಟಿದ ಒಂದೆರಡು ಗಂಟೆಗಳಲ್ಲೇ ಎದ್ದು ನಿಲ್ಲುತ್ತದೆ. ನೋಡಿದರೆ ಬರೀ ಕಾಲು! ಬೆಳೆದ ಕುದುರೆಯ ಎತ್ತರದಲ್ಲಿ ಶೇ 60ರಷ್ಟನ್ನು ಅದು ಹುಟ್ಟುವಾಗಲೇ ಪಡೆದಿರುತ್ತದೆ. ತೂಕ ಮಾತ್ರ ಶೇ 10ರಷ್ಟೇ. ಆರು ತಿಂಗಳಿಗೆ ಎತ್ತರ ಶೇ 84, ತೂಕ ಶೇ 46. ವರ್ಷಕ್ಕೆ ಎತ್ತರ ಶೇ 90 ದಾಟಿದರೆ, ತೂಕ ಶೇ 67. ಒಂದೂವರೆ ವರ್ಷಕ್ಕೆ ಎತ್ತರ ಶೇ 95, ತೂಕ ಶೇ 80. ಅಂದರೆ ಎತ್ತರ ಮುಂದೆ ಓಡುತ್ತದೆ, ತೂಕ ಹಿಂದಿನಿಂದ ಬರುತ್ತದೆ.

ಉಳಿದದ್ದರಲ್ಲಿ ಐದರಲ್ಲೆರಡು

ಈ ಅಂಕಿಗಳಲ್ಲಿ ಒಂದು ಚೆಂದದ ಗಣಿತ ಅಡಗಿದೆ. ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಕೂರಬಹುದು. ಬೆಳೆದಾಗ 500 ಕೆ.ಜಿ. ತೂಗುವ ಕುದುರೆ ಎಂದಿಟ್ಟುಕೊಳ್ಳಿ. ಹುಟ್ಟಿದಾಗ 50 ಕೆ.ಜಿ. ಇನ್ನು ಬೆಳೆಯಬೇಕಾದದ್ದು 450. ಪ್ರತಿ ಆರು ತಿಂಗಳಿಗೆ, ಬೆಳೆಯಲು ಉಳಿದದ್ದರಲ್ಲಿ ಐದರಲ್ಲೆರಡು ಭಾಗ ಬೆಳೆಯುತ್ತದೆ ಎಂದು ಲೆಕ್ಕ ಹಾಕಿ. ಆರು ತಿಂಗಳಿಗೆ 180 ಸೇರಿ 230 ಕೆ.ಜಿ. ವರ್ಷಕ್ಕೆ 338. ಒಂದೂವರೆ ವರ್ಷಕ್ಕೆ 403. ಮೇಲಿನ ಶೇಕಡಾವಾರು ಹೇಳುವುದೂ 230, 335, 400 ಎಂದೇ! ಇದೇ ಲೆಕ್ಕ ಮುಂದುವರಿಸಿದರೆ ಎರಡು ವರ್ಷಕ್ಕೆ 442, ಮೂರು ವರ್ಷಕ್ಕೆ 479 ಬರುತ್ತದೆ.

ಬೆಳವಣಿಗೆಯನ್ನು ಹೀಗೆ ‘ಉಳಿದದ್ದರ’ ಲೆಕ್ಕದಲ್ಲಿ ಹಿಡಿದವರು ಅಮೆರಿಕದ ಸ್ಯಾಮ್ಯುಯೆಲ್ ಬ್ರಾಡಿ. ಅವರ ದೊಡ್ಡ ಗ್ರಂಥ ಬಂದದ್ದು 1945ರಲ್ಲಿ. ಪ್ರಾಣಿಗಳ ಬೆಳವಣಿಗೆಗೆ ಬಳಸುವ ಇನ್ನೊಂದು ರೇಖೆ ಇಂಗ್ಲೆಂಡಿನ ಬೆಂಜಮಿನ್ ಗೊಂಪರ್ಟ್ಸ್‌ನದು. 1825ರಲ್ಲಿ ಆತ ಅದನ್ನು ಬರೆದದ್ದು ಮನುಷ್ಯರ ಮರಣದ ಪ್ರಮಾಣ ತಿಳಿಯಲು! ಸಾವಿನ ಲೆಕ್ಕ ಬೆಳೆಯುವ ಮರಿಗೂ ಒದಗಿತು.

ಈ ರೇಖೆಯಿಂದ ಪ್ರಯೋಜನವೇನು? ಮರಿಯ ತೂಕ ರೇಖೆಗಿಂತ ಕೆಳಗೆ ಜಾರಿದರೆ ಹೊಟ್ಟೆಯ ಹುಳುವೋ, ಮೇವಿನ ಕೊರತೆಯೋ ಎಂದು ವೈದ್ಯರು ಹುಡುಕುತ್ತಾರೆ. ರೇಖೆಗಿಂತ ಮೇಲೆ ಹಾರಿದರೂ ಹಿಗ್ಗುವಂತಿಲ್ಲ. ಧಾನ್ಯ ತಿನ್ನಿಸಿ ಬೇಗ ಬೇಗ ಬೆಳೆಸಿದ ಮರಿಗಳಲ್ಲಿ ಕೀಲಿನ ತೊಂದರೆಗಳು ಹೆಚ್ಚು.

ಕಣ್ಣಿಗೆ ಕಾಣದ ಮೂರನೆಯ ರೇಖೆ

ಎತ್ತರ, ತೂಕದ ಜೊತೆಗೆ ಮೂಳೆಯ ರೇಖೆಯೊಂದಿದೆ. ಎಳೆಯ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪಟ್ಟಿಯಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿದಾಗ ಪಟ್ಟಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಮುಂಗಾಲಿನ ಕೆಳಭಾಗದಲ್ಲಿ ಇದು ವರ್ಷದೊಳಗೇ ಮುಗಿದರೆ, ಮಂಡಿಯ ಮೇಲಿನ ಮೂಳೆಯಲ್ಲಿ ಎರಡು, ಎರಡೂವರೆ ವರ್ಷ ಹಿಡಿಯುತ್ತದೆ. ಬೆನ್ನುಮೂಳೆಗೆ ಐದು ವರ್ಷವೂ ಬೇಕಾಗಬಹುದು. ಎಕ್ಸ್-ರೇ ತೆಗೆಯದೆ ಇದು ತಿಳಿಯುವುದಿಲ್ಲ.

ರೇಸಿನ ಜಗತ್ತಿನಲ್ಲಿ ಕುದುರೆ ಎರಡನೆಯ ವರ್ಷಕ್ಕೇ ಓಟಕ್ಕೆ ಇಳಿಯುವುದುಂಟು. ನಮ್ಮ ದೇಶದಲ್ಲಿ ಅದರ ವಯಸ್ಸು ಎಣಿಸುವುದು ಜನವರಿ 1ರಿಂದ. ನಮ್ಮಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಜೂನ್ 1ಕ್ಕೆ ವಯಸ್ಸು ನೋಡುವ ಹಾಗೆ! ಜನವರಿ ಮೊದಲಲ್ಲಿ ಹುಟ್ಟಿದ ಮರಿಗೂ ಮೇ ಮೊದಲಲ್ಲಿ ಹುಟ್ಟಿದ ಮರಿಗೂ ಮುಂದಿನ ಜನವರಿ 1ಕ್ಕೆ ಒಂದೇ ವಯಸ್ಸು. ನಮ್ಮ ಲೆಕ್ಕದ ಪ್ರಕಾರ ಮೊದಲನೆಯದರ ತೂಕ 338 ಕೆ.ಜಿ., ಎರಡನೆಯದರದು 272. ಎರಡನೆಯ ಮರಿ ಸೋತದ್ದಲ್ಲ, ತಡವಾಗಿ ಹುಟ್ಟಿದ್ದು ಅಷ್ಟೇ.

ಹಾಗೆಂದು ಎಳೆಯ ಕುದುರೆಯನ್ನು ಕಟ್ಟಿಹಾಕಿ ಸಾಕಬೇಕೆಂದಲ್ಲ. ಬಯಲಲ್ಲಿ ತನ್ನ ಪಾಡಿಗೆ ಓಡಾಡಿದ ಮರಿಯ ಮೂಳೆಯೇ ಗಟ್ಟಿ. ತೊಂದರೆ ಇರುವುದು, ನೋಡಲು ಬೆಳೆದಂತಿದೆ ಎಂದು ಬೆನ್ನ ಮೇಲೆ ಪೂರ್ತಿ ಭಾರ ಹೇರುವುದರಲ್ಲಿ. ಇಂಗ್ಲೆಂಡಿನ ಡರ್ಬಿ ಮೂರು ವರ್ಷದ ಕುದುರೆಗಳಿಗೆ. ಮುಂಬೈಯಲ್ಲಿ ನಡೆಯುವ ಇಂಡಿಯನ್ ಡರ್ಬಿ ನಾಲ್ಕು ವರ್ಷದವುಗಳಿಗೆ. ಆ ಒಂದು ವರ್ಷದ ಬೆಲೆ ಏನೆಂಬುದನ್ನು ನಮ್ಮ ರೇಖೆಯೇ ಹೇಳುತ್ತದೆ.

ಕುಣಿಗಲ್ಲಿಗೆ ಮೆಜೆಸ್ಟಿಕ್‌ನಿಂದ ಬಸ್ಸುಗಳಿವೆ, ಯಶವಂತಪುರದಿಂದ ಹಾಸನದ ಕಡೆ ಹೋಗುವ ರೈಲೂ ಇದೆ. ಫಾರಂ ನೋಡುವ ಆಸೆಯಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು. ಹೋಗುವ ಮುನ್ನ ಗ್ರಾಫ್ ಹಾಳೆಯ ಮೇಲೆ ಎತ್ತರ ಮತ್ತು ತೂಕದ ಎರಡು ರೇಖೆಗಳನ್ನು ಬರೆದುಕೊಳ್ಳಿ. ಮಕ್ಕಳ ಅಂಕಪಟ್ಟಿಯನ್ನು ಪಕ್ಕದ ಮನೆಯ ಮಗುವಿನದರ ಜೊತೆ ಹೋಲಿಸುವ ತಂದೆ ತಾಯಂದಿರೂ ಆ ಹಾಳೆಯನ್ನೊಮ್ಮೆ ನೋಡಲಿ.